ಬೆಲ್ ಆಂಡ್ ಸೆಬಾಸ್ಟಿಯನ್: ಮೊದಲ ಮೂರು ಆಲ್ಬಂಗಳ ನಂತರ ಏನೂ ಇಲ್ಲವೇ?

ಸಂಜೆಯ ಕೇಳುಗ:

ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಬೆಲ್ ಆಂಡ್ ಸೆಬಾಸ್ಟಿಯನ್ ಎಂಬ ಪಾಪ್ ತಂಡದ ಮಾತು ನಮ್ಮ ಬಳಗದಲ್ಲಿ ಬಂದಾಗಲೆಲ್ಲ ಒಂದೇ ತೀರ್ಪು ಕೇಳಿಬರುತ್ತದೆ. 1996ರಿಂದ 1998ರವರೆಗೆ ಬಂದ ‘ಟೈಗರ್‌ಮಿಲ್ಕ್’, ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’, ‘ದ ಬಾಯ್ ವಿತ್ ದಿ ಅರಬ್ ಸ್ಟ್ರ್ಯಾಪ್’ ಎಂಬ ಮೂರು ಆಲ್ಬಂಗಳೇ ತಂಡದ ಒಟ್ಟು ಸಾಧನೆ, ಆಮೇಲೆ ಬಂದದ್ದೆಲ್ಲ ಅದೇ ಹೆಸರಿನ ಬೇರೆ ಗುಂಪಿನ ಕೆಲಸ ಎಂಬ ತೀರ್ಪು ಅದು. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಕಳೆದ ಕೆಲವು ತಿಂಗಳಲ್ಲಿ ಅವರ ಎಲ್ಲ ಆಲ್ಬಂಗಳನ್ನೂ ಬಂದ ವರ್ಷದ ಕ್ರಮದಲ್ಲಿ ಕೂತು ಕೇಳಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಏಕೆಂದು ವಿವರವಾಗಿ ಬರೆಯುತ್ತೇನೆ, ಒಪ್ಪದವರು ದಯವಿಟ್ಟು ಸುಮ್ಮನಿರಬೇಡಿ.

ಈ ತಂಡ ಹುಟ್ಟಿದ ರೀತಿಯಲ್ಲೇ ಒಂದು ವಿಶೇಷವಿದೆ. ಹಾಡು ಬರೆಯುವ ಸ್ಟುವರ್ಟ್ ಮರ್ಡಾಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ದೀರ್ಘಕಾಲದ ದಣಿವಿನ ಕಾಯಿಲೆಗೆ ಬಿದ್ದು ಸುಮಾರು ಏಳು ವರ್ಷ ಯಾವ ಕೆಲಸವನ್ನೂ ಮಾಡಲಾಗದೆ ಉಳಿದರು. ಚೇತರಿಸಿಕೊಳ್ಳುವ ಹೊತ್ತಿಗೆ ಕೆಲಸವಿಲ್ಲದ ಸಂಗೀತಗಾರರಿಗಾಗಿ ಸರ್ಕಾರ ನಡೆಸುತ್ತಿದ್ದ ಬೀಟ್‌ಬಾಕ್ಸ್ ಎಂಬ ತರಬೇತಿಗೆ ಸೇರಿದರು, ಅಲ್ಲಿ ಬೇಸ್ ಗಿಟಾರ್ ನುಡಿಸುವ ಸ್ಟುವರ್ಟ್ ಡೇವಿಡ್ ಸಿಕ್ಕರು. ಅದೇ ಊರಿನ ಸ್ಟೋ ಕಾಲೇಜಿನಲ್ಲಿ ಸಂಗೀತ ವ್ಯವಹಾರ ಕಲಿಸುವ ಒಂದು ಕೋರ್ಸ್ ಇತ್ತು. ವಿದ್ಯಾರ್ಥಿಗಳಿಗೆ ಪಾಠವಾಗಲೆಂದು ಆ ಕೋರ್ಸ್ ಇಲೆಕ್ಟ್ರಿಕ್ ಹನಿ ಎಂಬ ತನ್ನದೇ ಲೇಬಲ್ಲಿನಿಂದ ವರ್ಷಕ್ಕೊಂದು ಧ್ವನಿಮುದ್ರಿಕೆ ಹೊರತರುತ್ತಿತ್ತು. ಸಾಮಾನ್ಯವಾಗಿ ಒಂದೆರಡು ಹಾಡಿನ ಒಂದು ಸಿಂಗಲ್ ಅಷ್ಟೇ. ಆದರೆ ಮರ್ಡಾಕ್ ಬಳಿ ಹಾಡುಗಳು ರಾಶಿ ಬಿದ್ದಿದ್ದವು, ಒಂದು ಕಾಲಕ್ಕೆ ಅಸೋಸಿಯೇಟ್ಸ್ ತಂಡದಲ್ಲಿದ್ದ ಅಧ್ಯಾಪಕ ಅಲನ್ ರಾಂಕಿನ್ ಅವರಿಗೆ ಆ ಹಾಡುಗಳು ಹಿಡಿಸಿದವು, ಸಿಂಗಲ್ ಬರಬೇಕಾದ ಜಾಗದಲ್ಲಿ ಇಡೀ ಆಲ್ಬಂ ಬಂತು. 1996ರ ಜೂನ್‌ನಲ್ಲಿ ‘ಟೈಗರ್‌ಮಿಲ್ಕ್’ ಅಚ್ಚಾದದ್ದು ಕೇವಲ 1000 ವಿನೈಲ್ ತಟ್ಟೆಗಳಲ್ಲಿ.

ಅದೇ ವರ್ಷದ ನವೆಂಬರಿನಲ್ಲಿ, ಈ ಬಾರಿ ಜೀಪ್‌ಸ್ಟರ್ ಎಂಬ ಸಣ್ಣ ಲೇಬಲ್ಲಿನಿಂದ, ಎರಡನೆಯ ಆಲ್ಬಂ ಬಂತು. ಐದು ತಿಂಗಳ ಅಂತರದಲ್ಲಿ ಎರಡು ಆಲ್ಬಂ! ಮರುವರ್ಷ ನಾಲ್ಕು ನಾಲ್ಕು ಹಾಡುಗಳ ಮೂರು ಇಪಿಗಳು, ಅಂದರೆ ಆಲ್ಬಂಗಿಂತ ಚಿಕ್ಕ ಧ್ವನಿಮುದ್ರಿಕೆಗಳು. ಏಳು ವರ್ಷ ಕಟ್ಟೆಯೊಳಗೆ ನಿಂತಿದ್ದ ನೀರು ತೂಬು ತೆರೆದೊಡನೆ ಹರಿದಂತೆ ಇದು. ಆದರೆ ಹಾಗೆ ಹರಿದದ್ದು ಕೂಡಿಟ್ಟ ನೀರು ಎಂಬುದನ್ನು ನಾವು ಮರೆಯುತ್ತೇವೆ. ಕೂಡಿಟ್ಟದ್ದು ಮುಗಿದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆ ಎಲ್ಲ ತಂಡಗಳಿಗೂ ಎದುರಾಗುತ್ತದೆ, ಬಹಳಷ್ಟು ತಂಡಗಳು ಅಲ್ಲಿಗೇ ನಿಲ್ಲುತ್ತವೆ. ಇವರು ನಿಲ್ಲಲಿಲ್ಲ. ಇಬ್ಬರು ಮುಖ್ಯ ಸದಸ್ಯರನ್ನು ಕಳೆದುಕೊಂಡು, ಲೇಬಲ್ ಬದಲಿಸಿ, 2003ರಲ್ಲಿ ಟ್ರೆವರ್ ಹಾರ್ನ್ ಅವರಂಥ ದೊಡ್ಡ ನಿರ್ಮಾಪಕರ ಜೊತೆ ಕೂತು ‘ಡಿಯರ್ ಕೆಟಾಸ್ಟ್ರಫಿ ವೇಟ್ರೆಸ್’ ಮಾಡಿದರು. ಸಂಗೀತವನ್ನೇ ವೃತ್ತಿಯಾಗಿಸಿಕೊಂಡು ಬದುಕುವುದನ್ನು ಅವರು ಕಲಿತದ್ದು ಅಲ್ಲಿಂದ ಮುಂದೆ. ಆದ್ದರಿಂದ ಈ ತಂಡದ ನಿಜವಾದ ವೃತ್ತಿಜೀವನ 2003ರಲ್ಲಿ ಆರಂಭವಾಯಿತು, ಅದಕ್ಕಿಂತ ಮೊದಲಿನದು ಒಂದು ಅಪೂರ್ವ ಸುಯೋಗ ಎಂಬುದು ನನ್ನ ವಾದ.

ಹಳೇ ಕ್ಯಾಸೆಟ್:

ಸಂಜೆಯ ಕೇಳುಗರೇ, ನಿಮ್ಮ ಬರಹ ಚೆನ್ನಾಗಿದೆ, ಆದರೆ ಅದರ ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ. ‘ಸುಯೋಗ’ ಎಂದರೆ ತಾನಾಗಿ ಒದಗಿ ಬಂದದ್ದು ಎಂದಾಗುತ್ತದೆ. ಮೊದಲ ವರ್ಷಗಳಲ್ಲಿ ಈ ತಂಡ ಮಾಡಿದ ಪ್ರತಿಯೊಂದೂ ಯೋಚಿಸಿ ಮಾಡಿದ ಆಯ್ಕೆಯಾಗಿತ್ತು. ಸಂದರ್ಶನ ಕೊಡುತ್ತಿರಲಿಲ್ಲ, ಪತ್ರಿಕೆಗಳಿಗೆ ತಂಡದ ಚಿತ್ರ ಕೊಡುತ್ತಿರಲಿಲ್ಲ, ಕೊಟ್ಟರೂ ಅದರಲ್ಲಿ ತಂಡದವರ ಬದಲು ಸ್ನೇಹಿತರಿರುತ್ತಿದ್ದರು. ಸಿಂಗಲ್‌ಗಳಿಗೆಂದು ಆಲ್ಬಂನಿಂದ ಹಾಡು ಕೀಳುತ್ತಿರಲಿಲ್ಲ, ಇಪಿಯ ಹಾಡು ಬಹುಮಟ್ಟಿಗೆ ಇಪಿಗೇ ಸೇರಿದ್ದು. ದುಡ್ಡು ಕೊಟ್ಟು ಆಲ್ಬಂ ಕೊಂಡವನಿಗೆ ಅದೇ ಹಾಡನ್ನು ಎರಡನೆಯ ಸಲ ಮಾರುವುದು ಸಲ್ಲದು ಎಂಬ ಪ್ರಾಮಾಣಿಕತೆ ಅದು. 1997ರ ಮೂರು ಇಪಿಗಳು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಏರಿದ ಬಗೆ ನೋಡಿ. ಮೊದಲನೆಯದು 59ನೆಯ ಸ್ಥಾನ, ಎರಡನೆಯದು 41, ಮೂರನೆಯದು 32. ಜಾಹೀರಾತಿನ ಅಬ್ಬರವಿಲ್ಲದೆ ಕೇಳಿದವರು ಕೇಳದವರಿಗೆ ಹೇಳಿ ಹೇಳಿ ಹೀಗೆ ಏರಿತು.

ನನ್ನ ಕಥೆಯನ್ನೂ ಹೇಳುತ್ತೇನೆ. ನನಗೆ ‘ಸಿನಿಸ್ಟರ್’ ಸಿಕ್ಕಿದ್ದು 2001ರಲ್ಲಿ, ಹಾಸ್ಟೆಲ್ಲಿನ ಸಹಪಾಠಿಯೊಬ್ಬ ಖಾಲಿ ಸಿಡಿಗೆ ಬರೆದುಕೊಟ್ಟಾಗ. ಹೆಸರು ಬರೆಯಲು ಅವನ ಬಳಿ ಮಾರ್ಕರ್ ಇರಲಿಲ್ಲ, ಬಾಲ್‌ಪೆನ್ನಿನಿಂದ ಒತ್ತಿ ಬರೆದಿದ್ದ, ಆ ಗೀರಿನಿಂದಾಗಿ ಏಳನೆಯ ಹಾಡು ಒಂದೆಡೆ ಸದಾ ತಡವರಿಸುತ್ತಿತ್ತು. ಇಂದಿಗೂ ಆ ಹಾಡನ್ನು ಎಲ್ಲಿ ಕೇಳಿದರೂ ಆ ಜಾಗ ಬಂದಾಗ ನನ್ನ ಕಿವಿ ಆ ತಡವರಿಕೆಗೆ ಕಾಯುತ್ತದೆ. ಹಾಡುಗಾರ ಎದುರಿನ ಮಂಚದಲ್ಲಿ ಕೂತು, ಪಕ್ಕದ ಕೋಣೆಯವರಿಗೆ ಕೇಳಿಸೀತೇನೋ ಎಂಬ ಸಂಕೋಚದಿಂದ ಹಾಡಿದಂತಿರುವ ಆ ದನಿಗೆ ನಾನು ಮಾರುಹೋದೆ. ಹಾರ್ನ್ ಮಾಡಿದ ಆಲ್ಬಂನಲ್ಲಿ ಆ ಸಂಕೋಚವನ್ನು ಉಜ್ಜಿ ತೊಳೆದು ಹೊಳಪು ಕೊಟ್ಟಿದ್ದಾರೆ. ಹೊಳಪು ಚೆನ್ನಾಗಿದೆ, ಆದರೆ ನನಗೆ ಬೇಕಾದದ್ದು ಹೊಳಪಲ್ಲ.

ಮಂಗಳೂರಿನ ಪಿಟೀಲು:

ಇಬ್ಬರೂ ಮರ್ಡಾಕ್ ಒಬ್ಬರನ್ನೇ ತಂಡ ಎಂದುಕೊಂಡು ಮಾತಾಡುತ್ತಿದ್ದೀರಿ ಎಂದು ನನಗೆ ಅನಿಸುತ್ತಿದೆ. ವಾದ್ಯ ನುಡಿಸುವವಳಾಗಿ ನನಗೆ ಮೊದಲು ಕಾಣುವುದು ಅಲ್ಲಿರುವ ಜನ. ಗಿಟಾರಿಗೆ ಸ್ಟೀವಿ ಜ್ಯಾಕ್ಸನ್, ಡ್ರಮ್ಸ್‌ಗೆ ರಿಚರ್ಡ್ ಕೋಲ್‌ಬರ್ನ್, ಕೀಬೋರ್ಡಿಗೆ ಕ್ರಿಸ್ ಗೆಡ್ಡೆಸ್, ಚೆಲ್ಲೊಗೆ ಇಸೊಬೆಲ್ ಕ್ಯಾಂಬೆಲ್, ಟ್ರಂಪೆಟ್ಟಿಗೆ ಮಿಕ್ ಕುಕ್, ಮೊದಲ ಆಲ್ಬಂ ಮುಗಿದ ಮೇಲೆ ಬಂದ ಪಿಟೀಲಿನ ಸಾರಾ ಮಾರ್ಟಿನ್. ಸಾಮಾನ್ಯವಾಗಿ ಪಾಪ್ ಹಾಡಿನಲ್ಲಿ ತಂತಿವಾದ್ಯಗಳನ್ನು ಕೊನೆಗೆ ಬಾಡಿಗೆಗೆ ಕರೆಸಿ ಮೇಲೆ ಬಳಿಯುತ್ತಾರೆ. ಇಲ್ಲಿ ಚೆಲ್ಲೊ ತಂಡದ ಒಳಗಿನದು, ಹಾಡು ಕಲಿಯುವ ದಿನದಿಂದಲೇ ಕೋಣೆಯಲ್ಲಿ ಇತ್ತು. ‘ಸಿನಿಸ್ಟರ್’ ಆಲ್ಬಂನ ಮೊದಲ ಹಾಡು ಪಿಸುಮಾತಿನಷ್ಟು ಮೆಲ್ಲಗೆ ಶುರುವಾಗಿ ಒಂದೊಂದೇ ವಾದ್ಯವನ್ನು ಕರೆದುಕೊಳ್ಳುತ್ತ ಬೆಳೆಯುವುದನ್ನು ಕೇಳಿ. ಪ್ರತಿಯೊಬ್ಬರೂ ತಮ್ಮ ಸರದಿ ಬರುವವರೆಗೆ ಕಾದು, ಬಂದಾಗ ಬೇಕಾದಷ್ಟು ಮಾತ್ರ ನುಡಿಸುತ್ತಾರೆ. ಅಷ್ಟು ಜನರಿರುವ ತಂಡದಲ್ಲಿ ನುಡಿಸದೆ ಸುಮ್ಮನೆ ಕೂರುವುದೇ ಕಷ್ಟದ ವಿದ್ಯೆ, ಅದು ಹೇಳಿಕೊಟ್ಟು ಬರುವಂಥದ್ದಲ್ಲ.

ನಂತರದ ಆಲ್ಬಂಗಳಲ್ಲಿ ಜ್ಯಾಕ್ಸನ್, ಕ್ಯಾಂಬೆಲ್, ಮಾರ್ಟಿನ್ ಎಲ್ಲರೂ ತಮ್ಮ ತಮ್ಮ ಹಾಡುಗಳನ್ನು ತಂದು ಹಾಡಿದರು. 2000ದ ‘ಫೋಲ್ಡ್ ಯುವರ್ ಹ್ಯಾಂಡ್ಸ್ ಚೈಲ್ಡ್’ ಆಲ್ಬಂ ಬಿಡಿಬಿಡಿಯಾಗಿ ಕೇಳಿಸಲು ಅದೇ ಕಾರಣ. ಒಬ್ಬರ ಮನೆ ಎಲ್ಲರ ಮನೆಯಾಗುವಾಗ ಆಗುವ ಗದ್ದಲ ಅದರಲ್ಲಿದೆ. ಅದೇ ವರ್ಷ ಸ್ಟುವರ್ಟ್ ಡೇವಿಡ್ ತಮ್ಮ ಲೂಪರ್ ತಂಡಕ್ಕಾಗಿ ಹೊರಬಂದರು. 2002ರಲ್ಲಿ ಉತ್ತರ ಅಮೆರಿಕದ ಪ್ರವಾಸದ ನಡುವೆಯೇ ಇಸೊಬೆಲ್ ಕ್ಯಾಂಬೆಲ್ ಬಿಟ್ಟು ಹೋದರು. ಸಂಜೆಯ ಕೇಳುಗರು ಇದನ್ನು ಅರ್ಧ ವಾಕ್ಯದಲ್ಲಿ ದಾಟಿಸಿದ್ದಾರೆ, ಅದು ನ್ಯಾಯವಲ್ಲ. ಆ ಚೆಲ್ಲೊ ಹೋದ ಮೇಲೆ ತಂಡದ ನಡುಭಾಗದ ಸ್ವರವೇ ಹೋಯಿತು, ಹಾಡುಗಳ ಭಾರ ಗಿಟಾರ್ ಮತ್ತು ಕೀಬೋರ್ಡಿನ ಕಡೆಗೆ ಸರಿಯಿತು. 2003ರ ಬದಲಾವಣೆಯ ಶ್ರೇಯವನ್ನೋ ದೋಷವನ್ನೋ ಹಾರ್ನ್ ಒಬ್ಬರಿಗೇ ಕಟ್ಟಬೇಡಿ. ಕ್ಯಾಂಬೆಲ್ ಅವರ ಪಾಲಿಗೆ ಹೊರಬಂದದ್ದು ಸೋಲಾಗಲಿಲ್ಲ ಎಂಬುದನ್ನೂ ಹೇಳಬೇಕು. 2006ರಲ್ಲಿ ಗಾಯಕ ಮಾರ್ಕ್ ಲ್ಯಾನೆಗನ್ ಜೊತೆ ಅವರು ಮಾಡಿದ ಆಲ್ಬಂ, ಬ್ರಿಟನ್ನಿನಲ್ಲಿ ವರ್ಷದ ಅತ್ಯುತ್ತಮ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಒಂದು ತಂಡದ ವೃತ್ತಿಜೀವನ ಎಂದಾಗ ಅದರಿಂದ ಹೊರಬಂದವರ ದಾರಿಯನ್ನೂ ಸೇರಿಸಿ ನೋಡಬೇಕು ಎಂದು ನನ್ನ ಅಭಿಪ್ರಾಯ.

ಹಳೇ ಕ್ಯಾಸೆಟ್:

ಮೇಡಂ, ಚೆಲ್ಲೊ ವಿಷಯ ನಾನು ಗಮನಿಸಿರಲಿಲ್ಲ. ಸಂಜೆ ಮತ್ತೆ ಕೇಳುತ್ತೇನೆ.

ಎರಡನೇ ಮಹಡಿ:

ನಾನು ಇಲ್ಲಿ ಬರೆಯುವುದು ಕಡಿಮೆ, ಆದರೆ ಕಾಯಿಲೆಯ ಪ್ರಸ್ತಾಪ ಬಂದಿರುವುದರಿಂದ ಬರೆಯಲೇಬೇಕಾಗಿದೆ. ಮರ್ಡಾಕ್ ಅವರಿಗೆ ಬಂದ ಕಾಯಿಲೆಯೇ ನನ್ನ ಅಕ್ಕನಿಗೂ ಬಂದಿದೆ, ಈಗ ಆರನೆಯ ವರ್ಷ. ಹೊರಗಿನವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ರಕ್ತಪರೀಕ್ಷೆಗಳೆಲ್ಲ ಸರಿಯಿರುತ್ತವೆ. ಸ್ನಾನ ಮಾಡಿ ಬಂದರೆ ಅರ್ಧ ದಿನ ಮಲಗಬೇಕು, ಒಂದು ದಿನ ಚೆನ್ನಾಗಿದೆಯೆಂದು ಅಡುಗೆಮನೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಅದರ ಬೆಲೆಯನ್ನು ಮುಂದಿನ ಮೂರು ದಿನ ತೆರಬೇಕು. ನಾವು ಮೊದಲು ತೋರಿಸಿದ ಒಬ್ಬ ವೈದ್ಯರು ‘ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ’ ಎಂದು ಚೀಟಿ ಬರೆಯದೆ ಕಳಿಸಿದ್ದರು.

ಆದ್ದರಿಂದ ‘ಏಳು ವರ್ಷ ಕೂಡಿಟ್ಟ ನೀರು’ ಎಂಬ ಹೋಲಿಕೆ ಓದಿದಾಗ ನನಗೆ ನೋವಾಯಿತು. ಆ ಏಳು ವರ್ಷ ಕಟ್ಟೆಯ ಹಿಂದೆ ನೀರು ತುಂಬುತ್ತಿರಲಿಲ್ಲ, ಕಟ್ಟೆಯೊಳಗೆ ಏನೂ ಇರಲಿಲ್ಲ. ಹಾಡು ಬಂದದ್ದು ಸ್ವಲ್ಪ ಶಕ್ತಿ ಮರಳಲಾರಂಭಿಸಿದಾಗ. ಕಾಯಿಲೆ ಕಲಾವಿದನನ್ನು ಮಾಡಿತು ಎಂದು ಬರೆಯುವವರು ಕಾಯಿಲೆಯನ್ನು ಹತ್ತಿರದಿಂದ ನೋಡಿರುವುದಿಲ್ಲ. ಕಾಯಿಲೆಯಿಂದ ಬಂದದ್ದು ಏನೆಂದರೆ ನೋಡುವ ಜಾಗ. ಕಿಟಕಿಯ ಬಳಿ ಕೂತು ಓಡುವವರನ್ನು, ಬಸ್ಸಿಗೆ ಕಾಯುವವರನ್ನು, ಶಾಲೆ ತಪ್ಪಿಸಿದ ಹುಡುಗಿಯರನ್ನು ನೋಡುತ್ತಲೇ ಇದ್ದವನ ಕಣ್ಣು ಆ ಹಾಡುಗಳಲ್ಲಿದೆ. ಮೊದಲ ಆಲ್ಬಂಗಳ ಪಾತ್ರಗಳಿಗೆಲ್ಲ ಹೆಸರಿದೆ, ಮೈಯಲ್ಲಿ ಸುಸ್ತಿದೆ, ಯಾವ ಗುಂಪಿಗೂ ಅವರು ಸೇರಿಲ್ಲ.

ಇನ್ನೊಂದು ವಿಷಯ. ಆ ಕಾಯಿಲೆಯ ಬಗ್ಗೆ ಮರ್ಡಾಕ್ ನೇರವಾಗಿ ಒಂದು ಹಾಡು ಬರೆದದ್ದು ಮೊದಲ ವರ್ಷಗಳಲ್ಲಿ ಅಲ್ಲ. 2015ರ ‘ಗರ್ಲ್ಸ್ ಇನ್ ಪೀಸ್‌ಟೈಮ್ ವಾಂಟ್ ಟು ಡ್ಯಾನ್ಸ್’ ಆಲ್ಬಂನ ಮೊದಲ ಹಾಡು ‘ನೋಬಡೀಸ್ ಎಂಪೈರ್’ ಅದು, ತಂಡ ಹುಟ್ಟಿ ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ ಬಂದದ್ದು. ಅದೇ ಹೆಸರಿನಲ್ಲಿ 2024ರಲ್ಲಿ ಕಾದಂಬರಿಯನ್ನೂ ಹೊರತಂದರು. ಆ ಹಾಡನ್ನು ಅಕ್ಕನಿಗೆ ಕೇಳಿಸಿದೆ. ಅವಳು ಇಂಗ್ಲಿಷ್ ಹಾಡು ಕೇಳುವವಳಲ್ಲ, ಸಾಲು ಸಾಲಾಗಿ ಅರ್ಥ ಹೇಳಿದೆ. ಮುಗಿದ ಮೇಲೆ ‘ಇನ್ನೊಂದು ಸಲ ಹಾಕು, ಈ ಸಲ ಅರ್ಥ ಹೇಳಬೇಡ’ ಎಂದಳು. ಮೂರು ಆಲ್ಬಂಗಳಿಗೇ ತಂಡ ಮುಗಿಯಿತು ಎನ್ನುವವರಿಗೆ ಇಷ್ಟನ್ನು ಹೇಳಬೇಕೆಂದಿತ್ತು.

ಸಂಜೆಯ ಕೇಳುಗ:

ಎರಡನೇ ಮಹಡಿಯವರೇ, ಆ ಹೋಲಿಕೆಗಾಗಿ ಕ್ಷಮೆ ಕೇಳುತ್ತೇನೆ. ನೀವು ಹೇಳಿದ್ದು ಸರಿ, ನಾನು ದೂರದಿಂದ ನೋಡಿ ಬರೆದೆ. ಮೂಲ ಬರಹವನ್ನು ತಿದ್ದದೆ ಹಾಗೆಯೇ ಬಿಡುತ್ತೇನೆ, ಇಲ್ಲವಾದರೆ ನಿಮ್ಮ ಮಾತು ಯಾವುದಕ್ಕೆ ಉತ್ತರವೆಂದು ಮುಂದೆ ಓದುವವರಿಗೆ ತಿಳಿಯುವುದಿಲ್ಲ. ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ.

ಮುನ್ನೂರು ಪ್ರತಿ:

ಹಾಡಿನ ಗುಣದ ಚರ್ಚೆ ನಡೆಯಲಿ, ನಾನು ಲೆಕ್ಕದ ಕಡೆಯಿಂದ ಬರುತ್ತೇನೆ. ಹತ್ತು ವರ್ಷಗಳ ಹಿಂದೆ ನಾವು ನಾಲ್ವರು ಬೆಂಗಳೂರಿನಲ್ಲಿ ಕನ್ನಡ ಹಾಡುಗಳ ಒಂದು ತಂಡ ಕಟ್ಟಿ, ಸ್ವಂತ ಹಣ ಹಾಕಿ 300 ಸಿಡಿ ಮಾಡಿಸಿದೆವು. ಹಂಚಿಕೆ ಮಾಡುತ್ತೇವೆಂದು ಒಪ್ಪಿಕೊಂಡ ಸಂಸ್ಥೆಯೊಂದು ಪೆಟ್ಟಿಗೆ ತೆಗೆದುಕೊಂಡು ಹೋಯಿತು, ಎರಡು ವರ್ಷಗಳ ನಂತರ ಅದರಲ್ಲಿ 260 ಸಿಡಿಗಳು ಬಿಚ್ಚದೆ ಮರಳಿ ಬಂದವು. ಹೀಗಾಗಿ ‘ಟೈಗರ್‌ಮಿಲ್ಕ್’ 1000 ಪ್ರತಿ ಎಂದಾಗ ನಾನು ನೋಡುವುದು ಆ ಸಾವಿರದ ಹಿಂದೆ ಯಾರಿದ್ದರು ಎಂಬುದನ್ನು.

ಅಲ್ಲಿ ಇದ್ದದ್ದು ಸಾರ್ವಜನಿಕ ಹಣದಿಂದ ನಡೆಯುವ ಕಾಲೇಜು. ಧ್ವನಿಮುದ್ರಣದ ಖರ್ಚು, ಅಚ್ಚಿನ ಖರ್ಚು, ಪತ್ರಿಕೆಗಳಿಗೆ ಕಳಿಸುವ ಕೆಲಸ ಎಲ್ಲವೂ ಕೋರ್ಸಿನ ಭಾಗ. ಡ್ರಮ್ಸ್ ನುಡಿಸಿದ ಕೋಲ್‌ಬರ್ನ್ ಅದೇ ಕೋರ್ಸಿನ ವಿದ್ಯಾರ್ಥಿ. ತರಬೇತಿ ಪಡೆಯುತ್ತಿದ್ದವರಿಗೂ ತಂಡಕ್ಕೂ ಏಕಕಾಲಕ್ಕೆ ಲಾಭವಾಗುವಂಥ ಏರ್ಪಾಡು ಅದು. ಇದೊಂದು ಆಕಸ್ಮಿಕ ಅಲ್ಲ ಎನ್ನುವುದಕ್ಕೆ ಅದೇ ಇಲೆಕ್ಟ್ರಿಕ್ ಹನಿ ಮುಂದೆ ಸ್ನೋ ಪ್ಯಾಟ್ರೋಲ್, ಬಿಫಿ ಕ್ಲೈರೊ ತಂಡಗಳ ಆರಂಭದ ಧ್ವನಿಮುದ್ರಿಕೆಗಳನ್ನು ತಂದದ್ದೇ ಸಾಕ್ಷಿ. ಎರಡೂ ಆಮೇಲೆ ದೊಡ್ಡ ತಂಡಗಳಾದವು. ಅಲನ್ ರಾಂಕಿನ್ 2023ರ ಜನವರಿಯಲ್ಲಿ ತೀರಿಕೊಂಡರು. ತಾವು ನುಡಿಸಿದ ಹಾಡುಗಳಿಗಾಗಿ ಅವರು ಪ್ರಸಿದ್ಧರು, ಆದರೆ ನನ್ನಂಥವನಿಗೆ ಅವರು ಸಿಂಗಲ್ ಬರಬೇಕಾದಲ್ಲಿ ಆಲ್ಬಂ ಬರಲಿ ಎಂದು ನಿಂತ ಮೇಷ್ಟ್ರು.

ಆ 1000 ಪ್ರತಿಗಳು ಮುಗಿದ ಮೇಲೆ ಹಳೆಯ ತಟ್ಟೆಗಳು ನೂರಾರು ಪೌಂಡುಗಳಿಗೆ ಕೈ ಬದಲಿಸಿದವು. ಅದರಲ್ಲಿ ತಂಡಕ್ಕೆ ಬಂದದ್ದು ಸೊನ್ನೆ. 1999ರಲ್ಲಿ ಜೀಪ್‌ಸ್ಟರ್ ಅದನ್ನು ಮರುಮುದ್ರಿಸಿದಾಗ ಮಾತ್ರ ಎಲ್ಲರ ಕೈಗೂ ಸಿಕ್ಕಿತು. ಹಳೇ ಕ್ಯಾಸೆಟ್ ಅವರು ಹೇಳಿದ ಇಪಿಗಳ ಪ್ರಾಮಾಣಿಕತೆಯನ್ನು ಗೌರವಿಸುತ್ತೇನೆ, ಆದರೆ ಎಂಟು ಜನರ ತಂಡವೊಂದು ಸಂದರ್ಶನವಿಲ್ಲದೆ, ಚಿತ್ರವಿಲ್ಲದೆ, ದೀರ್ಘ ಪ್ರವಾಸವಿಲ್ಲದೆ ಎಷ್ಟು ದಿನ ಊಟ ಮಾಡಬಲ್ಲದು? ಮರ್ಡಾಕ್ ಅವರು 2003ರವರೆಗೂ ಚರ್ಚಿನ ಸಭಾಭವನದ ಮೇಲಿನ ಮನೆಯಲ್ಲಿದ್ದುಕೊಂಡು ಅದರ ಉಸ್ತುವಾರಿ ಕೆಲಸ ಮಾಡುತ್ತಿದ್ದರು. ಬ್ರಿಟನ್ನಿನ ದೊಡ್ಡ ಸಂಗೀತ ಪ್ರಶಸ್ತಿಯಾದ ಬ್ರಿಟ್ ಪ್ರಶಸ್ತಿ ಬಂದು ನಾಲ್ಕು ವರ್ಷವಾಗಿತ್ತು, ಟಾಪ್ ಆಫ್ ದ ಪಾಪ್ಸ್ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡಿಯಾಗಿತ್ತು, ಆದರೂ ಅವರು ಬಾಗಿಲು ತೆಗೆದು ಕುರ್ಚಿ ಜೋಡಿಸುವ ಕೆಲಸದಲ್ಲೇ ಇದ್ದರು. ಸಂಜೆಯ ಕೇಳುಗರ 2003ರ ಗಡಿಯನ್ನು ನಾನು ಒಪ್ಪುವುದು ಈ ಕಾರಣಕ್ಕೆ.

ಹಳೇ ಕ್ಯಾಸೆಟ್:

ಬ್ರಿಟ್ ಪ್ರಶಸ್ತಿಯ ಮಾತು ಬಂದಿರುವುದರಿಂದ ಅದನ್ನು ಪೂರ್ತಿ ಹೇಳಿಬಿಡೋಣ, ನಮ್ಮಲ್ಲಿ ಹೊಸಬರಿಗೆ ಅದು ಗೊತ್ತಿಲ್ಲ. 1999ರ ಫೆಬ್ರುವರಿಯಲ್ಲಿ ಹೊಸ ತಂಡಗಳಿಗಾಗಿ ಇದ್ದ ಬ್ರಿಟ್ ಪ್ರಶಸ್ತಿಯನ್ನು ಕೇಳುಗರ ಮತದಿಂದ ಕೊಟ್ಟರು, ಆ ಮತದಾನ ಅಂತರಜಾಲದಲ್ಲೂ ನಡೆಯಿತು. ಅಂದಿನ ದೊಡ್ಡ ಪಾಪ್ ತಂಡ ಸ್ಟೆಪ್ಸ್ ಗೆಲ್ಲುತ್ತದೆಂದು ಎಲ್ಲರೂ ಎಣಿಸಿದ್ದರು. ಗೆದ್ದದ್ದು ಬೆಲ್ ಆಂಡ್ ಸೆಬಾಸ್ಟಿಯನ್. ಪ್ರಶಸ್ತಿ ತೆಗೆದುಕೊಳ್ಳಲು ವೇದಿಕೆಗೆ ಬಂದವರು ಕೋಲ್‌ಬರ್ನ್ ಮತ್ತು ಮಿಕ್ ಕುಕ್, ಮುಖ್ಯ ಗಾಯಕರು ಬರಲಿಲ್ಲ. ಮತ ಒಟ್ಟುಗೂಡಿಸಿ ಹಾಕಿಸಿದರೆಂದು ಪತ್ರಿಕೆಗಳಲ್ಲಿ ಗದ್ದಲವೂ ಆಯಿತು. ನನ್ನ ದೃಷ್ಟಿಯಲ್ಲಿ ಅಲ್ಲಿ ನಡೆದದ್ದು ಅಕ್ರಮವಲ್ಲ, ಅಂಚೆಯಲ್ಲೂ ಮಿಂಚಂಚೆಯಲ್ಲೂ ಒಬ್ಬರನ್ನೊಬ್ಬರು ಹುಡುಕಿಕೊಂಡಿದ್ದ ಕೇಳುಗರು ಮೊದಲ ಬಾರಿಗೆ ತಾವೆಷ್ಟು ಜನರಿದ್ದೇವೆಂದು ಎಣಿಸಿಕೊಂಡದ್ದು.

ಅದೇ ವರ್ಷದ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕ್ಯಾಂಬರ್ ಸ್ಯಾಂಡ್ಸ್‌ನಲ್ಲಿ, ಕುಟುಂಬಗಳು ರಜೆ ಕಳೆಯಲು ಬರುವ ಸಾಲುಮನೆಗಳ ಶಿಬಿರವೊಂದನ್ನು ಹಿಡಿದು, ತಮಗೆ ಪ್ರಿಯವಾದ ತಂಡಗಳನ್ನೆಲ್ಲ ಕರೆದು ಅವರು ಬೌಲಿ ವೀಕೆಂಡರ್ ಎಂಬ ಉತ್ಸವ ಮಾಡಿದರು. ಮೊಗ್ವಾಯ್, ಟೀನೇಜ್ ಫ್ಯಾನ್‌ಕ್ಲಬ್, ಪ್ಯಾಸ್ಟೆಲ್ಸ್, ಫ್ಲೇಮಿಂಗ್ ಲಿಪ್ಸ್ ಎಲ್ಲರೂ ಅಲ್ಲಿ ನುಡಿಸಿದರು. ಕಲಾವಿದರೇ ಕಲಾವಿದರನ್ನು ಆರಿಸುವ, ಕೇಳುಗರೂ ಹಾಡುವವರೂ ಒಂದೇ ಸಾಲುಮನೆಗಳಲ್ಲಿ ತಂಗುವ ಆ ಕ್ರಮವನ್ನು ಮರುವರ್ಷದಿಂದ ಆಲ್ ಟುಮಾರೋಸ್ ಪಾರ್ಟೀಸ್ ಉತ್ಸವ ಮುಂದುವರಿಸಿತು. ಇದೆಲ್ಲ 2003ಕ್ಕಿಂತ ಮೊದಲೇ ನಡೆದದ್ದು! ಜನರನ್ನು ಕೂಡಿಸುವ ವಿದ್ಯೆ ಅವರಿಗೆ ಹಾರ್ನ್ ಬರುವ ಮೊದಲೇ ಗೊತ್ತಿತ್ತು.

ಗ್ಲಾಸ್ಗೊದಲ್ಲಿರುವ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ಓದಿಗೆಂದು ಬಂದು ಇಲ್ಲೇ ಒಂಬತ್ತು ವರ್ಷ ಉಳಿದಿದ್ದೇನೆ. ಮರ್ಡಾಕ್ ಉಸ್ತುವಾರಿ ನೋಡುತ್ತಿದ್ದರೆಂದು ನೀವು ಹೇಳುತ್ತಿರುವ ಹಿಂಡ್‌ಲ್ಯಾಂಡ್ ಚರ್ಚು ನಗರದ ಪಶ್ಚಿಮ ಭಾಗದಲ್ಲಿ, ವಿಶ್ವವಿದ್ಯಾಲಯಕ್ಕೆ ಹೆಚ್ಚು ದೂರವಿಲ್ಲ. ಕೆಂಪು ಮರಳುಗಲ್ಲಿನ ಕಟ್ಟಡ, ಮಳೆ ಬಂದಾಗ ಕಲ್ಲು ಕಡುಗೆಂಪಾಗಿ ಬಹುತೇಕ ಕಂದಾಗುತ್ತದೆ, ಇಲ್ಲಿ ಮಳೆ ಬರದ ದಿನಗಳು ಕಡಿಮೆಯಾದ್ದರಿಂದ ನನ್ನ ನೆನಪಿನಲ್ಲಿ ಅದರ ಬಣ್ಣ ಕಂದೇ. ಸುತ್ತಲೂ ಮೂರು ನಾಲ್ಕು ಮಹಡಿಗಳ ಹಳೆಯ ಕಲ್ಲಿನ ವಸತಿ ಕಟ್ಟಡಗಳು, ಒಂದು ಮೆಟ್ಟಿಲಿಗೆ ಆರೆಂಟು ಮನೆಗಳು. ಆ ಮನೆಗಳಲ್ಲಿ ವಿದ್ಯಾರ್ಥಿಗಳು, ವಯಸ್ಸಾದವರು, ಸಂಗೀತದವರು, ನನ್ನಂತೆ ಹೊರಗಿನಿಂದ ಬಂದವರು ಎಲ್ಲರೂ ಗೋಡೆ ಹಂಚಿಕೊಂಡು ಬದುಕುತ್ತಾರೆ. ಹಾಡುಗಳಲ್ಲಿ ಬರುವ ಬಸ್ಸು, ಕೆಫೆ, ಗ್ರಂಥಾಲಯ, ಬಟ್ಟೆ ಒಗೆಯುವ ಅಂಗಡಿಗಳ ಊರು ಇದೇ. ನಾನು ಬಂದ ಮೊದಲ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲಾಗುವುದನ್ನು ಕಂಡು ಅಳು ಬಂದಿತ್ತು. ‘ಸಿನಿಸ್ಟರ್’ ಕೇಳಿದ್ದು ಆಗ, ಆ ಮಂದಬೆಳಕಿನ ಊರನ್ನು ಪ್ರೀತಿಸಬಹುದೆಂದು ಮೊದಲು ಅನಿಸಿದ್ದೂ ಆಗ.

ಒಂದು ಅಂಶವನ್ನು ಯಾರೂ ಹೇಳಿಲ್ಲ. ಮರ್ಡಾಕ್ ಆಸ್ತಿಕರು, ಆ ಚರ್ಚಿನ ಗಾಯನವೃಂದದಲ್ಲಿ ಹಾಡಿದವರು. ಹಾಡುಗಳಲ್ಲಿ ಪಾದ್ರಿಗಳು, ಪ್ರಾರ್ಥನೆ, ನಂಬಿಕೆಯ ಗೊಂದಲ ಅಷ್ಟು ಸಹಜವಾಗಿ ಬರುವುದು ಅದರಿಂದ. ನಮ್ಮ ಕಡೆ ಸಂಜೆಯ ಭಜನೆಯಲ್ಲಿ ಒಳ್ಳೆಯ ಕಂಠದವರೂ ಇಲ್ಲದವರೂ ಕೂಡಿ ಹಾಡುವ ಹಾಗೆ ಒಬ್ಬರ ದನಿ ಇನ್ನೊಬ್ಬರ ದನಿಯಲ್ಲಿ ಅಡಗುವ ಹಾಡುಗಾರಿಕೆ ಅವರದ್ದು. ಗಾಯಕನಿಗೆ ದೊಡ್ಡ ಕಂಠವಿಲ್ಲ ಎಂದು ಹಲವರು ಆಕ್ಷೇಪಿಸುತ್ತಾರೆ. ವೃಂದದಲ್ಲಿ ನಿಂತು ಕಲಿತವರಿಗೆ ದೊಡ್ಡ ಕಂಠ ಬೇಕೆನಿಸುವುದಿಲ್ಲ.

2020ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ಆಲ್ಬಂ ಮಾಡಬೇಕೆಂದಿದ್ದವರು ಕೊರೊನಾದಿಂದಾಗಿ ಹೋಗಲಾಗದೆ, ಇಲ್ಲೇ ತಮ್ಮ ಅಭ್ಯಾಸದ ಜಾಗವನ್ನೇ ಸ್ಟುಡಿಯೊ ಮಾಡಿಕೊಂಡು ಮುದ್ರಿಸಿದರು. 2022ರ ಮೇ ತಿಂಗಳಲ್ಲಿ ಬಂದ ‘ಎ ಬಿಟ್ ಆಫ್ ಪ್ರೀವಿಯಸ್’ ಅದು, 2000ದ ನಂತರ ಪೂರ್ತಿಯಾಗಿ ಸ್ವಂತ ಊರಿನಲ್ಲೇ ಮಾಡಿದ ಮೊದಲ ಆಲ್ಬಂ. ಅದರ ಬೆನ್ನಿಗೇ 2023ರ ಜನವರಿಯಲ್ಲಿ ‘ಲೇಟ್ ಡೆವಲಪರ್ಸ್’. ಹಾರ್ನ್ ಅವರ ಹೊಳಪು ಬೇಡವೆನ್ನುವ ಹಳೇ ಕ್ಯಾಸೆಟ್ ಅವರು ಈ ಎರಡನ್ನು ಕೇಳಿದ್ದೀರಾ?

ಮಂಗಳೂರಿನ ಪಿಟೀಲು:

ಭಜನೆಯ ಮಾತು ಬಹಳ ಸರಿಯಾಗಿದೆ. ನಡುವಿನ ವರ್ಷಗಳನ್ನೂ ಬಿಡಬೇಡಿ. 2006ರ ‘ದ ಲೈಫ್ ಪರ್ಸ್ಯೂಟ್’ ಬ್ರಿಟನ್ನಿನಲ್ಲಿ 8ನೆಯ ಸ್ಥಾನಕ್ಕೆ ಏರಿತು, ಅದರ ಒಂದು ಸಿಂಗಲ್ 13ಕ್ಕೆ. ಅದೇ ವರ್ಷ ಹಾಲಿವುಡ್ ಬೌಲ್ ಎಂಬ ಬೃಹತ್ ಬಯಲು ರಂಗಮಂದಿರದಲ್ಲಿ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆ ನುಡಿಸಿದರು. ಇಡೀ ವೃಂದದ ಮುಂದೆ ನಿಂತು ಹಾಡುವುದಕ್ಕೆ ಎಂಥ ಧೈರ್ಯ ಬೇಕೆಂದು ನಾನು ಬಲ್ಲೆ, ಚಿತ್ರ ತೆಗೆಸಿಕೊಳ್ಳಲೂ ಹಿಂಜರಿಯುತ್ತಿದ್ದವರು ಹತ್ತು ವರ್ಷದಲ್ಲಿ ಅಲ್ಲಿಗೆ ತಲುಪಿದರು. ಮರ್ಡಾಕ್ ಕೇಳುಗರಿಂದಲೇ 1 ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿಸಿ, ಗ್ಲಾಸ್ಗೊದಲ್ಲಿ ತಂಡ ಕಟ್ಟುವ ಹುಡುಗಿಯೊಬ್ಬಳ ಬಗ್ಗೆ ‘ಗಾಡ್ ಹೆಲ್ಪ್ ದ ಗರ್ಲ್’ ಎಂಬ ಚಿತ್ರವನ್ನು ನಿರ್ದೇಶಿಸಿದರು, ಅದು 2014ರಲ್ಲಿ ಬಂತು.

2017ರ ಒಂದು ಘಟನೆ ನನಗೆ ಅಚ್ಚುಮೆಚ್ಚು. ಅಮೆರಿಕದ ಪ್ರವಾಸದಲ್ಲಿ ರಾತ್ರಿ ಬಸ್ಸು ಉತ್ತರ ಡಕೋಟಾದ ವಾಲ್‌ಮಾರ್ಟ್ ಮಳಿಗೆಯೊಂದರ ಬಳಿ ನಿಂತಾಗ ಇಳಿದಿದ್ದ ಕೋಲ್‌ಬರ್ನ್ ಅವರನ್ನು ಗಮನಿಸದೆ ಬಸ್ಸು ಹೊರಟುಬಿಟ್ಟಿತು, ಅವರು ಮಲಗುವ ಉಡುಪಿನಲ್ಲೇ ಅಲ್ಲಿ ಉಳಿದರು. ಬೆಳಿಗ್ಗೆ ವಿಷಯ ತಿಳಿದ ಮರ್ಡಾಕ್ ಟ್ವಿಟರ್‌ನಲ್ಲಿ ಸಹಾಯ ಕೇಳಿದರು, ಕೇಳುಗರು ಸ್ಪಂದಿಸಿದರು, ಅವರು ಮುಂದಿನ ಊರಾದ ಸೇಂಟ್ ಪಾಲ್‌ಗೆ ಬಂದು ತಲುಪಿದರು. ಬ್ರಿಟ್ ಪ್ರಶಸ್ತಿಗೆ ಮತ ಹಾಕಿದ ಬಳಗ ಹದಿನೆಂಟು ವರ್ಷಗಳ ನಂತರವೂ ಎಚ್ಚರವಾಗಿಯೇ ಇತ್ತು.

ಹಳೇ ಕ್ಯಾಸೆಟ್:

ಕನ್ನಡತಿಯವರೇ, ನಿನ್ನೆ ರಾತ್ರಿ ಎರಡನ್ನೂ ಕೇಳಿದೆ. ‘ಎ ಬಿಟ್ ಆಫ್ ಪ್ರೀವಿಯಸ್’ ನನ್ನನ್ನು ಪೂರ್ತಿ ಗೆಲ್ಲಲಿಲ್ಲ, ಆದರೆ ಅದರಲ್ಲಿ ವಯಸ್ಸಾದವರು ವಯಸ್ಸಾದವರಂತೆಯೇ ಹಾಡುತ್ತಾರೆ, ಇಪ್ಪತ್ತೇಳರ ಹುಡುಗನ ದನಿಯನ್ನು ಅನುಕರಿಸಲು ಹೋಗಿಲ್ಲ. ಅದು ನನಗೆ ಹಿಡಿಸಿತು. ನಾನೂ ಹಾಸ್ಟೆಲ್ಲಿನಲ್ಲಿ ಇಲ್ಲವಲ್ಲ. ಆದರೂ ಮೊದಲಿನದು ಸುಯೋಗ ಎಂಬ ಮಾತನ್ನು ಸಂಜೆಯ ಕೇಳುಗರು ಹಿಂದೆಗೆದುಕೊಳ್ಳಬೇಕು.

ಸಂಜೆಯ ಕೇಳುಗ:

ಹಿಂದೆಗೆದುಕೊಳ್ಳುತ್ತೇನೆ. ಕಾಲೇಜು, ಚರ್ಚು, ಮೇಷ್ಟ್ರು, ಬಳಗ ಎಲ್ಲವನ್ನೂ ಓದಿದ ಮೇಲೆ ಅದು ಸುಯೋಗವಲ್ಲ, ಹಲವರ ದುಡಿಮೆ ಎಂದು ಒಪ್ಪುತ್ತೇನೆ. ಆದರೆ 2003ರ ನಂತರದ ತಂಡದ ಪರವಾಗಿ ಒಂದು ಕೊನೆಯ ಸಾಕ್ಷ್ಯ ನನ್ನ ಬಳಿ ಇದೆ, ಅದನ್ನು ಪರೀಕ್ಷಿಸಿಯೇ ಬರೆಯುತ್ತಿದ್ದೇನೆ.

‘ಸಿನಿಸ್ಟರ್’ 1996ರಲ್ಲಿ ಮುದ್ರಣವಾದ ಬಗ್ಗೆ ಮರ್ಡಾಕ್ ಅವರಿಗೆ ಅತೃಪ್ತಿಯಿತ್ತು, ಹಾಡುಗಳು ಚೆನ್ನಾಗಿವೆ, ಮುದ್ರಣ ಅಷ್ಟು ಚೆನ್ನಾಗಿಲ್ಲ ಎಂದು. 2005ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಆ ಹತ್ತೂ ಹಾಡುಗಳನ್ನು ಅದೇ ಕ್ರಮದಲ್ಲಿ ನುಡಿಸಿ, ಧ್ವನಿಮುದ್ರಣವನ್ನು ಅದೇ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದರು. ಆ ವರ್ಷ ಕಾಶ್ಮೀರ ಮತ್ತು ಪಾಕಿಸ್ತಾನದಲ್ಲಾದ ಭೂಕಂಪದ ಪರಿಹಾರ ನಿಧಿಗೆ ಅದರಿಂದ ಬಂದ ಲಾಭವನ್ನು ಕೊಟ್ಟರು. ಭಾನುವಾರ ಮಧ್ಯಾಹ್ನ ನಾನು ಎರಡು ಮುದ್ರಣಗಳನ್ನೂ ಹಾಡು ಹಾಡಾಗಿ ಒಂದರ ನಂತರ ಒಂದು ಹಾಕಿ ಕೇಳಿದೆ.

2005ರಲ್ಲಿ ದನಿ ಗಟ್ಟಿಯಾಗಿದೆ, ತಾಳ ಅಲುಗುವುದಿಲ್ಲ, ಗಿಟಾರು ಡ್ರಮ್ಸು ತುಂಬಿ ಬರುತ್ತವೆ, ಪ್ರತಿ ಹಾಡಿನ ಕೊನೆಗೆ ಸಾವಿರಾರು ಜನರ ಚಪ್ಪಾಳೆ ಕೇಳಿಸುತ್ತದೆ. 1996ರ ಶೀರ್ಷಿಕೆ ಗೀತೆಯಲ್ಲಿ ಹಿನ್ನೆಲೆಗೆ ಮಕ್ಕಳು ಆಡುವ ಸದ್ದಿದೆ. ಹೊರಗೆಲ್ಲೋ ಶಾಲೆಯ ಆಟದ ಬಯಲು, ಒಳಗೊಬ್ಬ ಹಾಡುತ್ತಿದ್ದಾನೆ. ಎರಡನೇ ಮಹಡಿಯವರು ಹೇಳಿದ ಕಿಟಕಿ ಅದೇ ಎಂದು ನನಗೆ ಆ ಕ್ಷಣ ಹೊಳೆಯಿತು, ಇಷ್ಟು ವರ್ಷ ಅದನ್ನು ನಾನು ಬರಿಯ ಅಲಂಕಾರವೆಂದುಕೊಂಡಿದ್ದೆ. ಚೆನ್ನಾಗಿ ನುಡಿಸಿರುವುದು ಎರಡನೆಯದರಲ್ಲಿ, ಅದರಲ್ಲಿ ನನಗೆ ಸಂಶಯವಿಲ್ಲ. ನಾನು ಮೂರು ಸಲ ಹಿಂದಕ್ಕೆ ಹೋಗಿ ಕೇಳಿದ್ದು ಮೊದಲನೆಯದನ್ನು.

ಹಳೇ ಕ್ಯಾಸೆಟ್ ಅವರೇ, ಏಳನೆಯ ಹಾಡು ಬಾರ್ಬಿಕನ್‌ನಲ್ಲಿ ಎಲ್ಲಿಯೂ ತಡವರಿಸುವುದಿಲ್ಲ. ನೀವು ಕೇಳಿ ಹೇಗನಿಸಿತೆಂದು ಬರೆಯಿರಿ.